ಅಂಚುಗಲ್ಲಿನ ಸಂದು

ಕಲ್ಲುಕೆಲಸದವನು ಮಾಡಿಟ್ಟದ್ದನ್ನು ನೋಡಿ ಇಂಜಿನಿಯರಮ್ಮ ಗಕ್ಕನೆ ನಿಂತಳು. ಟ್ರಾಮ್ ಹಳಿಯುದ್ದಕ್ಕೂ ತಗ್ಗಿನಲ್ಲಿ ಗಿಡಗಳ ಪಾತಿ, ಪಾತಿಗೂ ರಸ್ತೆಗೂ ನಡುವೆ ಅಂಚುಗಲ್ಲು. ರಸ್ತೆಯ ಮಳೆನೀರು ಪಾತಿಗಿಳಿದು ಮಣ್ಣಲ್ಲಿ ಇಂಗಲೆಂದು ಅವಳು ಕಲ್ಲುಗಳ ನಡುವೆ ಅಲ್ಲಲ್ಲಿ ಗೇಣಗಲದ ಸಂದು ಬಿಡಿಸಿದ್ದಳು. ಕಲ್ಲುಕೆಲಸದವನು ಅವನ್ನೆಲ್ಲ ಗಾರೆ ಹಾಕಿ ಮುಚ್ಚಿದ್ದ. ಎಷ್ಟು ನಯವಾಗಿ ಎಂದರೆ, ಬೈಯುವ ಮೊದಲು ಅವಳು ಒಮ್ಮೆ ಬೆರಳಾಡಿಸಿ ನೋಡಿದಳು.

“ಯಾರು ಮುಚ್ಚೋಕೆ ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಸಂದು ಹಾಗೇ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರಲ್ಲ.”

ಅವನ ತಾತ ಕಟ್ಟಿದ ಗೋಡೆಯಲ್ಲಿ ಇರುವೆಗೂ ದಾರಿಯಿರಲಿಲ್ಲವಂತೆ. ಹಿಂದಿನ ತಂಡ ಅರ್ಧಂಬರ್ಧ ಮಾಡಿ ಹೋಗಿದೆಯೆಂದುಕೊಂಡು, ಅವಳಿಗೆ ಕೆಟ್ಟ ಹೆಸರು ಬಾರದಿರಲೆಂದು, ರಜೆಯ ದಿನ ಬಂದು ಮುಚ್ಚಿದ್ದನಂತೆ. ಇದನ್ನೆಲ್ಲ ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ, ಬೂಟು ನೋಡುತ್ತಿದ್ದ. ಒಂದರ ಲೇಸು ಬಿಚ್ಚಿತ್ತು. ಹೇಳಲೋ ಬೇಡವೋ ಎಂದು ಅವನು ಒದ್ದಾಡುತ್ತಿದ್ದುದು ಅವಳಿಗೆ ಕಂಡಿತು.

ಅವಳು ಕರಗಲಿಲ್ಲ, ಕರಗುವ ಹೊತ್ತೂ ಅದಾಗಿರಲಿಲ್ಲ. ಮರುದಿನ ಜೋರು ಮಳೆಯ ಸೂಚನೆಯಿತ್ತು. ನಿಲ್ದಾಣದಲ್ಲಿ ಇನ್ನೊಮ್ಮೆ ನೀರು ನಿಂತರೆ ಪಾತಿ ಕಿತ್ತು ಕಾಂಕ್ರೀಟ್ ಸುರಿಸುತ್ತೇನೆಂದು ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು. ಆ ಪಾತಿಗಾಗಿ ಅವಳು ವರ್ಷಗಟ್ಟಲೆ ಬಡಿದಾಡಿದ್ದಳು.

ಇಬ್ಬರೂ ಉಳಿ ಸುತ್ತಿಗೆ ಹಿಡಿದು ಕೂತರು. ತಾನು ಮುಚ್ಚಿದ್ದನ್ನು ತಾನೇ ಒಡೆಯುವಾಗ, ಹಲ್ಲು ಕೀಳಿಸಿಕೊಳ್ಳುವವನಂತೆ ಅವನು ಏಟಿಗೊಮ್ಮೆ ಮುಖ ಕಿವುಚುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳ ಚಿಕ್ಕಮ್ಮನ ಫೋನು ಬಂತು. ಯಾರ ಜೊತೆ ಇದ್ದೀಯೆಂದು ಕೇಳಿದ್ದಕ್ಕೆ, ನನ್ನ ಕೆಲಸ ಹಾಳು ಮಾಡಿದವರ ಜೊತೆ ಎಂದಳು. ಹಾಳಾದ ಕೆಲಸಕ್ಕೆ ಇಷ್ಟು ಖುಷಿಯ ದನಿಯೇ ಎಂದು ಚಿಕ್ಕಮ್ಮ ಕಾಲೆಳೆದರು.

ಮರುದಿನ ಮಳೆ ಮಾತು ಉಳಿಸಿಕೊಂಡಿತು. ನಿಲ್ದಾಣದ ಮಾಡಿನಡಿ ಇಬ್ಬರೂ ಸಂದುಗಳನ್ನೇ ನೋಡುತ್ತ ನಿಂತರು. ಕೆಂಪು ನೀರು ರಸ್ತೆಯಂಚಿಗೆ ಹರಿದು ಬಂದು, ಮೊದಲ ಸಂದಿನಲ್ಲಿ ಹೊರಳಿ ಪಾತಿಗಿಳಿಯಿತು. ಮುಂದಿನದಕ್ಕೂ ಇಳಿಯಿತು. ಟ್ರಾಮ್‌ಗಳು ಓಡುತ್ತಲೇ ಇದ್ದವು. ನೋಡಲು ಬಂದ ಮೇಲಧಿಕಾರಿ ತಮ್ಮ ಒಣ ಬೂಟುಗಳನ್ನು ನೋಡಿಕೊಂಡು, ಪಾತಿ ಇರಲಿ ಎಂದು ಗೊಣಗಿ ಟ್ರಾಮ್ ಹತ್ತಿದರು.

ಅವಳು ಬೆಂಚಿನ ಮೇಲೆ ಕೂತಳು. ಅವನೂ ಕೂತ, ನಡುವೆ ಮರ್ಯಾದೆಗೆಂದು ಹತ್ಯಾರಗಳ ಚೀಲವಿಟ್ಟು. ಅವಳು ಭಾರದ ಆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟಳು.

“ಇಲ್ಲಿ ಸಂದು ಬೇಡ. ನೀವು ನಂಗೆ ಇಷ್ಟ. ಇದಕ್ಕೂ ನಕ್ಷೆ ಬರೆದು ಕೊಡ್ಬೇಕಾ?”

ಅವನು ಕಲ್ಲು ಕೂರಿಸುವಷ್ಟೇ ಜೋಪಾನವಾಗಿ ಹತ್ತಿರ ಸರಿದು ಕೂತ. ಆಮೇಲೆ ಅವಳ ಬೂಟಿನತ್ತ ನೋಡಿದ.

“ನಿಮ್ಮ ಲೇಸು ಬಿಚ್ಚಿದೆ. ನಿನ್ನೆಯಿಂದ ಹೇಳ್ಬೇಕು ಅಂತಿದ್ದೆ.”

“ಗೊತ್ತು,” ಎಂದಳು. “ನೀವು ಹೇಳ್ಲಿ ಅಂತ್ಲೇ ಕಟ್ಟಿರ್ಲಿಲ್ಲ.”