ಹಲಸಪ್ಪನ ಸೆರೆಯಲ್ಲಿ ಬಿಳಿಕುದುರೆ

"ಮುಟ್ಬೇಡಿ!"

ಅಂಗಡಿಯೊಳಗಿಂದ ಸಿಡಿದ ಆ ದನಿಗೆ ಶ್ರೀರಂಜನಿಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಬೆರಳ ತುದಿಯಿಂದ ಒಂದಂಗುಲ ದೂರದಲ್ಲಿ, ಹಳದಿಗಟ್ಟಿದ ಹಳೇ ಕಂಪ್ಯೂಟರಿನ ಕೀಬೋರ್ಡು…

ಮೇಜಿನ ಕೆಳಗಿಂದ ಒಬ್ಬ ಗಂಡಸು ಎದ್ದ. ಕನ್ನಡಕ ಹಣೆಯ ಮೇಲೆ, ತುಟಿಗಳ ನಡುವೆ ಒಂದು ಸ್ಕ್ರೂ, ನರೆತ ಮೀಸೆಯ ತುಂಬ ಧೂಳು.

"ಏನ್ರೀ ಹಂಗೆ ಕೂಗ್ತೀರಾ? ಎದೆ ಧಸಕ್ ಅಂತು!"

"ಕೂಗ್ದೆ ಏನ್ಮಾಡ್ಲಿ ಮೇಡಂ? ಇದರ ಡಿಸ್ಕು ಕೊನೇ ಉಸಿರು ಎಳೀತಾ ಇದೆ. ಇನ್ನೊಂದು ಸಲ ಆನ್ ಆದ್ರೆ ಪುಣ್ಯ. ಬಂದೋರೇ ಸೀದಾ ಕೈ ಹಾಕ್ಬಿಟ್ರೆ?"

"ಓಹೋ… ಇದೇನು ನಿಮ್ಮನೆ ಸ್ವತ್ತಾ?"

"ಅಲ್ಲ. ನಿಮ್ಮದಾ?"

ಶ್ರೀರಂಜನಿಗೆ ಮೈಯೆಲ್ಲ ಉರಿಯಿತು. ಕುಣಿಗಲ್‌ನಲ್ಲಿ ಅವಳ ಟೈಪಿಂಗ್ ಸ್ಕೂಲಿಗೆ ಬರುವ ಮಕ್ಕಳು ಅವಳ ಒಂದು ನೋಟಕ್ಕೇ ಗಪ್‌ಚಿಪ್. ಇವನ್ಯಾರೋ ಬಾಯಲ್ಲಿ ಸ್ಕ್ರೂ ಇಟ್ಟುಕೊಂಡೇ ವಾದ ಮಾಡುತ್ತಾನಲ್ಲ!

"ನಂದೂ ಹೌದು ಅಂದ್ಕೊಳ್ಳಿ! ಇದರೊಳಗೆ ನಾನೂ ಇದ್ದೆ. ಬಿಳಿಕುದುರೆ ಅಂತ ನನ್ನ ಹೆಸರು."

ಅವನ ತುಟಿಯಿಂದ ಸ್ಕ್ರೂ ಜಾರಿ, ಟಣ್ಣೆಂದು ನೆಲಕ್ಕೆ ಬಿತ್ತು.

ಅವನು ಅದನ್ನು ಹುಡುಕಲಿಲ್ಲ. ಅವಳನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ಏನಿತ್ತೋ… ಶ್ರೀರಂಜನಿ ಸೆರಗು ಸರಿಮಾಡಿಕೊಂಡು ಮುಖ ತಿರುಗಿಸಿದಳು.

ಅವಳಿಗೆ ಗೊತ್ತಿರಲಿಲ್ಲ. ಆದರೆ ನಿಮಗೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಅವಳು ಯಾರ ಹೆಸರನ್ನು ಹಲ್ಲು ಕಚ್ಚಿ ನೆನೆದಿದ್ದಳೋ, ಆ ಹಲಸಪ್ಪ ಇವನೇ!

*

ಶಿರಾ ಗೇಟಿನ ಈ ಎಲೆಕ್ಟ್ರಾನಿಕ್ಸ್ ಅಂಗಡಿ ಗುಲಾಮ್ ನಬಿಯವರದು. ಟೇಪ್ ರೆಕಾರ್ಡರ್, ಟೀವಿ, ಮಿಕ್ಸಿ… ತುಮಕೂರಿನ ಅರ್ಧ ಮನೆಗಳ ಸಾಮಾನು ಅವರ ಕೈಯಲ್ಲಿ ಮರುಜನ್ಮ ಪಡೆದಿದೆ. ಆದರೆ ಅವರ ದೊಡ್ಡ ಕೆಲಸ ಅದಲ್ಲ.

ಇಂಟರ್ನೆಟ್ ಇನ್ನೂ ಊರಿಗೆ ಕಾಲಿಡದ ಕಾಲದಲ್ಲಿ, ಅವರು ಅಂಗಡಿಯ ಫೋನಿಗೆ ಒಂದು ಕಂಪ್ಯೂಟರ್ ಸಿಕ್ಕಿಸಿದರು. ಬೇರೆ ಊರಿನ ಕಂಪ್ಯೂಟರಿನಿಂದ ಫೋನ್ ಮಾಡಿದರೆ, ಪರದೆಯ ಮೇಲೆ ಒಂದು ನೋಟೀಸ್ ಬೋರ್ಡು ತೆರೆದುಕೊಳ್ಳುತ್ತಿತ್ತು. ಆ ಬೋರ್ಡಿನ ಹಿಂದೆ ಒಂದು ಆಟ. ಹೆಸರು "ದುರ್ಗ".

ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಮಾತು! ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪಟ ನಮ್ಮ ಕಡೆಯ ಕನ್ನಡ. ಕುಣಿಗಲ್ ಬಳಿಯ ಹುತ್ರಿದುರ್ಗದಂಥದೇ ಒಂದು ಬೆಟ್ಟ, ಏಳು ಬಾಗಿಲು, ತುದಿಯಲ್ಲೊಂದು ಗಂಟೆ; ಅದನ್ನು ಹೊಡೆದವರೇ ಗೆದ್ದವರು. ದಿನಕ್ಕೆ ಇಪ್ಪತ್ತು ಹೆಜ್ಜೆ, ಅಷ್ಟೇ. ಇದ್ದದ್ದು ಒಂದೇ ಫೋನ್ ಲೈನು. ಹಾಗಾಗಿ ಒಬ್ಬರು ಇಳಿದ ಮೇಲೇ ಇನ್ನೊಬ್ಬರು ಹತ್ತಬೇಕು.

ಎಷ್ಟೋ ಜನ ಆಡುವ ಆಟ… ಆದರೆ ಯಾರೂ ಯಾರಿಗೂ ಎದುರಾಗುತ್ತಿರಲಿಲ್ಲ. ಒಬ್ಬರು ಸರಿಸಿದ ಕಲ್ಲು ಮುಂದಿನವರಿಗೆ ಸರಿದೇ ಸಿಗುತ್ತಿತ್ತು. ಒಬ್ಬರು ಹಚ್ಚಿಟ್ಟ ದೀಪ ಮುಂದಿನವರಿಗೆ ದಾರಿ ತೋರಿಸುತ್ತಿತ್ತು. ಪ್ರತಿ ಬಾಗಿಲಿನ ಕಲ್ಲಿನ ಮೇಲೆ ಒಂದು ಸಾಲು ಬರೆದು ಹೋಗಬಹುದಿತ್ತು. ಫೋನ್ ಇಟ್ಟವರು ಆಟದೊಳಗೆ ಮಲಗಿರುತ್ತಿದ್ದರು; ಬೇಕೆಂದವರು ಅವರನ್ನು ಹಿಡಿದು ಸೆರೆಗೆ ಹಾಕಬಹುದಿತ್ತು.

ಗುಲಾಮ್ ನಬಿಯವರೇ ಬರೆದ ಆಟ ಅದು. ಪುಸ್ತಕ ಓದಿ, ತಪ್ಪು ಮಾಡಿ, ತಿದ್ದಿ, ಮತ್ತೆ ತಪ್ಪು ಮಾಡಿ ಬರೆದದ್ದು!

ಆ ಆಟದ ಕಥೆಯನ್ನು ಆಡಿದವರ ದನಿಯಲ್ಲೇ ಉಳಿಸಬೇಕೆಂದು ಶ್ರೀರಂಜನಿ ಊರೂರು ಅಲೆಯುತ್ತಿದ್ದಳು. ಗುಬ್ಬಿಯಲ್ಲಿ ಇಬ್ಬರು, ತುಮಕೂರಿನಲ್ಲಿ ಮೂವರು. ಎಲ್ಲರ ಮಾತೂ ಮೊಬೈಲಿನಲ್ಲಿ ಭದ್ರ. ಉಳಿದದ್ದು ಒಂದೇ ಪ್ರಶ್ನೆ. ಅದು ಕಥೆಗಾಗಿ ಅಲ್ಲ, ಅವಳಿಗಾಗಿ.

*

"ಬಂದ್ಯಾ ಬೇಟಿ? ಬಾ ಬಾ!"

ಗುಲಾಮ್ ನಬಿ ಒಳಕೋಣೆಯಿಂದ ಕೋಲೂರಿಕೊಂಡು ಬಂದರು. ಹಿಂದೆಯೇ ಅವರ ಹೆಂಡತಿ ಮುನವ್ವರಾ, ಕೈಯಲ್ಲಿ ಟೀ ತಟ್ಟೆ.

"ಇವ್ರು ಗುರುಪ್ರಸಾದ್. ಚೇಳೂರಿನವ್ರು. ಹಲಸಿನ ಸಸಿ ಕಸಿ ಕಟ್ಟಿ ಮಾರ್ತಾರೆ. ನನ್ ಕಣ್ಣು ಈಗ ಮಂಜು, ಈ ಡಬ್ಬಕ್ಕೆ ಜೀವ ಕೊಡೋಕೆ ಇವ್ರೊಬ್ರೇ ಆಗೋದು. ಇವ್ರು ಯಾರು ಗೊತ್ತಾ…"

ಗುರುಪ್ರಸಾದ್ ಅವಳ ಬೆನ್ನ ಹಿಂದಿನಿಂದ ಕೈಮುಗಿದು, ಬೇಡ ಬೇಡ ಎಂದು ತಲೆಯಾಡಿಸಿದ. ಮುದುಕರು ಮಾತು ನುಂಗಿ ಟೀ ಕುಡಿದರು.

ಶ್ರೀರಂಜನಿ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. "ಮೊದ್ಲು ಸಿಡಿಲಿನ ಕಥೆ ಹೇಳಿ ಚಾಚಾ."

"ಅಯ್ಯೋ, ಅದು ನನ್ ಕಥೆ ಕಣಮ್ಮ!" ಮುನವ್ವರಾ ಕುರ್ಚಿ ಎಳೆದುಕೊಂಡೇಬಿಟ್ಟರು. "ನನ್ ತಂಗೀಗೆ ಫೋನ್ ಮಾಡೋಣ ಅಂತ ಎತ್ತಿದ್ರೆ ಒಳಗೆ ಕೀಂ… ಕರ್ರ್… ಬೆಕ್ಕು ಜಗಳ ಆಡ್ದಂಗೆ! ನಾನು ಎತ್ತಿದ್ ತಕ್ಷಣ ಆ ಕಡೆ ಆಡ್ತಿದ್ದೋರ ಆಟ ಕಟ್. ಇವ್ರು ನನ್ನ ಬೈದ್ರಾ? ಇಲ್ಲ. ಆಟದೊಳಕ್ಕೇ ಸೇರಿಸ್ಬುಟ್ರು!"

"ಆಕಾಶದಿಂದ ಸಿಡಿಲು ಬಡಿಯಿತು, ನಾಳೆ ಬಾ," ಎಂದು ಶ್ರೀರಂಜನಿ ನಕ್ಕಳು. "ನನಗೆ ಎಷ್ಟು ಸಲ ಬಡಿದಿದೆ ಗೊತ್ತಾ ಚಾಚಿ!"

"ನನಗೂ ಐದನೇ ಬಾಗ್ಲಲ್ಲಿ ಬಡಿದು…" ಗುರುಪ್ರಸಾದ್ ಏನೋ ಹೇಳಹೋಗಿ ತಟ್ಟನೆ ನಿಲ್ಲಿಸಿದ.

"ನೀವೂ ಆಡ್ತಿದ್ರಾ?"

"ಹ್ಞೂಂ… ಸ್ವಲ್ಪ."

"ಹಂಗಾದ್ರೆ ನಿಮಗೆ ಗೊತ್ತಿರ್ಬೇಕು. ಹಲಸಪ್ಪ ಅಂತ ಒಬ್ಬ ಇದ್ನಲ್ಲ?"

ಅವನು ಸ್ಕ್ರೂಡ್ರೈವರನ್ನೇ ನೋಡುತ್ತಿದ್ದ. "ಇದ್ದ."

"ನಂಬಿಕೆದ್ರೋಹಿ!"

ಹೊರಗೆ ಶಿರಾ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು.

*

ಆ ದಿನಗಳಲ್ಲಿ ಶ್ರೀರಂಜನಿಗೆ ಇಪ್ಪತ್ತು ದಾಟಿರಲಿಲ್ಲ. ಅಪ್ಪ ಸೀತಾರಾಮಯ್ಯನವರ ಟೈಪಿಂಗ್ ಸ್ಕೂಲಿನ ಏಕೈಕ ಕಂಪ್ಯೂಟರಿನಲ್ಲಿ, ಸಂಜೆ ಕ್ಲಾಸು ಮುಗಿದ ಮೇಲೆ, ಅವಳು ಬಿಳಿಕುದುರೆಯಾಗುತ್ತಿದ್ದಳು. ಮನೆಯಲ್ಲಿ ತಲೆತಗ್ಗಿಸಿ ಓಡಾಡುವ ಹುಡುಗಿ, ಅಲ್ಲಿ ಕೋಟೆ ಹತ್ತುವವಳು!

ಮೊದಲ ಸಲ ಮೂರನೇ ಬಾಗಿಲಿನ ಕಲ್ಲಿನ ಮೇಲೆ ಒಂದು ಸಾಲು ಕಂಡಿತ್ತು. "ಎಡಗಡೆ ಹುಲಿ ಐತೆ, ಬಲಗಡೆ ಬಾ. ಇಂತಿ ಹಲಸಪ್ಪ."

ನಂಬಲೋ ಬೇಡವೋ ಎಂದು ಹೆದರುತ್ತಲೇ ಬಲಗಡೆ ಹೋದಳು. ಹುಲಿ ಇರಲಿಲ್ಲ, ದೀಪವಿತ್ತು.

"ನಿನ್ನ ಮೈಯೆಲ್ಲ ಮುಳ್ಳಂತೆ, ಹೌದಾ?" ಎಂದು ಬರೆದು ಬಂದಳು.

ಮರುದಿನ ಉತ್ತರವಿತ್ತು. "ಒಳಗೆ ನೋಡ್ದೋರು ಹಂಗನ್ನಲ್ಲ."

ದಿನಕ್ಕೊಂದು ಸಾಲು. ಅವನು ಯಾರೋ, ಯಾವ ಊರೋ ಗೊತ್ತಿಲ್ಲ. ಆದರೂ ಎಲ್ಲವನ್ನೂ ಅವನಿಗೇ ಹೇಳಬೇಕೆನ್ನಿಸುತ್ತಿತ್ತು… ಅದಕ್ಕೆ ಪ್ರೀತಿ ಎನ್ನುತ್ತಾರೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಅಷ್ಟರಲ್ಲಿ ಅಪ್ಪನಿಗೆ ಹೃದಯದ ಆಪರೇಷನ್. ಎರಡು ತಿಂಗಳು ಬೆಂಗಳೂರಿನ ಆಸ್ಪತ್ರೆ. ಹಿಂದಿರುಗಿದ ದಿನವೇ ಓಡಿಹೋಗಿ ಫೋನ್ ಹಚ್ಚಿದಳು. ಅವನಿಗೆ ಹೇಳಬೇಕಾದ್ದು ಎಷ್ಟಿತ್ತು!

ಪರದೆಯ ಮೇಲೆ ಮೊದಲು ಬಂದದ್ದು ಈ ಮಾತು.

"ನೀನು ಹಲಸಪ್ಪನ ಸೆರೆಯಾಳು."

ತಾನು ಇಲ್ಲದಾಗ, ಮಲಗಿದ್ದ ತನ್ನನ್ನು ಹಿಡಿದು ಸೆರೆಗೆ ಹಾಕಿದ್ದ! ಬೇರೆ ಯಾರೇ ಆಗಿದ್ದರೂ ಸಹಿಸುತ್ತಿದ್ದಳೇನೋ. ಮುಂದಿನ ಸಾಲು ಓದದೆಯೇ ಅವಳು ಫೋನ್ ಕಿತ್ತಳು. ಮತ್ತೆಂದೂ ಆ ನಂಬರ್ ಒತ್ತಲಿಲ್ಲ.

ಮುಂದೆ ಹೆಣ್ಣು ನೋಡಲು ಬಂದವರ ಯಾವ ಸಿಹಿಮಾತೂ ಅವಳಿಗೆ ನಾಟಲಿಲ್ಲ. 'ಇವನೂ ನಾನು ಮಲಗಿದಾಗ…' ಎಂದು ಮನಸ್ಸು ಹಿಂದೆ ಸರಿಯುತ್ತಿತ್ತು; ಮದುವೆ ಕೂಡಿಬರಲೇ ಇಲ್ಲ. ಒಂದು ಆಟಕ್ಕೆ ಇಷ್ಟೊಂದಾ ಎಂದು ನೀವು ನಗಬಹುದು. ಅವಳೂ ನಕ್ಕಿದ್ದಾಳೆ, ಕಣ್ಣೊರೆಸಿಕೊಂಡು.

*

"ಆನ್ ಆಯ್ತು!" ಗುರುಪ್ರಸಾದ್ ಪಕ್ಕಕ್ಕೆ ಸರಿದ. "ಈಗ ಮುಟ್ಟಿ ಮೇಡಂ. ನಿಧಾನಕ್ಕೆ."

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಹೆಸರು ಕೇಳಿತು, ಗುಟ್ಟಿನ ಪದ ಕೇಳಿತು. ತಲೆ ಮರೆತದ್ದನ್ನು ಬೆರಳುಗಳು ಮರೆತಿರಲಿಲ್ಲ.

"ನೀನು ಹಲಸಪ್ಪನ ಸೆರೆಯಾಳು. ಮುಂದೆ ಒಂದು ದೀಪ ಉರಿಯುತ್ತಿದೆ. ಎಲೆಯ ಮೇಲೆ ಹಲಸಿನ ತೊಳೆ."

"ನೋಡಿ ಚಾಚಾ! ಇವತ್ತಿಗೂ ಸೆರೇಲೇ ಇದೀನಿ! ಮೇಲಾಗಿ ಹಲಸಿನ ತೊಳೆ ಇಟ್ಟವ್ನೆ… ಅಣಕ!" ಅವಳು ಪರದೆಯ ಕಡೆ ಬೆರಳು ತೋರಿಸಿದಳು. "ಯಾಕೆ ಹಂಗ್ಮಾಡ್ದ? ನನಗೆ ಅದೊಂದು ಗೊತ್ತಾಗ್ಬೇಕು."

ಗುಲಾಮ್ ನಬಿ ಲೋಟ ಕೆಳಗಿಟ್ಟರು. ಗುರುಪ್ರಸಾದನ ಕೈಸನ್ನೆಯನ್ನು ಈ ಸಲ ಲೆಕ್ಕಿಸಲಿಲ್ಲ.

"ಬೇಟಿ, ಸೆರೇಲಿ ಇದ್ದಿದ್ದಕ್ಕೇ ನೀನು ಉಳಿದಿದ್ದು. ಬೇರೆಯೋರ ಹೆಸರು ಹುಡುಕು… ಯಾರೂ ಇಲ್ಲ. ಡಿಸ್ಕು ಚಿಕ್ಕದು ನೋಡು, ಒಂದು ತಿಂಗಳು ಬರ್ದೇ ಇದ್ದೋರನ್ನ ಆಟ ತಾನೇ ಅಳಿಸಿಹಾಕ್ತಿತ್ತು. ಅವ್ರ ಹೆಸರು, ಹೆಜ್ಜೆ, ಕಲ್ಲಿನ ಮೇಲೆ ಬರೆದದ್ದು, ಎಲ್ಲಾ. ಆ ನಿಯಮ ನಾನೇ ಬರೆದಿದ್ದು."

ಶ್ರೀರಂಜನಿ ಕೀಬೋರ್ಡಿನಿಂದ ಕೈ ತೆಗೆದಳು. "ಮತ್ತೆ…?"

"ಆ ಹುಡುಗ ಬಸ್ ಹತ್ಕೊಂಡು ಇಲ್ಲಿಗೇ ಬಂದ. 'ಬಿಳಿಕುದುರೆ ಬರ್ತಿಲ್ಲ, ಅವಳನ್ನ ಅಳಿಸ್ಬೇಡಿ' ಅಂದ. ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತೆ, ಆಗಲ್ಲ ಅಂದೆ. 'ಹೋಗ್ಲಿ, ಯಾರು ಅಂತಾದ್ರೂ ಹೇಳಿ' ಅಂದ. ಹೆಣ್ಮಕ್ಕಳ ಹೆಸರು ನನ್ನ ಬಾಯಿಂದ ಬರಲ್ಲ ಅಂದೆ. ಆಗ ಕೇಳ್ದ, 'ಸೆರೆ ಸಿಕ್ಕೋರನ್ನ ಆಟ ಅಳಿಸುತ್ತಾ?' ಅಂತ."

"ಅಳಿಸಲ್ಲ…" ಎಂದಳು, ತನಗೆ ತಾನೇ ಎಂಬಂತೆ.

"ಅಳಿಸಲ್ಲ. ಆದ್ರೆ ಹಿಡಿದೋನು ದಿನಾ ಬಂದು ಊಟ ಇಡ್ಬೇಕು, ದೀಪಕ್ಕೆ ಎಣ್ಣೆ ಹಾಕ್ಬೇಕು. ಅವನ ಹೆಜ್ಜೆಯೆಲ್ಲ ಅದಕ್ಕೇ ಹೋಗೋದು. ಆರನೇ ಬಾಗ್ಲು ದಾಟಿದ್ದ ಬೇಟಿ! ಇನ್ನೊಂದೇ ಬಾಗ್ಲು, ಗಂಟೆ ಹೊಡೀತಿದ್ದ. ತಿರುಗಿ ಇಳಿದು ಬಂದ."

"ಕೊನೇ ಕೊನೇಲಿ ಅವನೊಬ್ನೇ ಫೋನ್ ಮಾಡ್ತಿದ್ದಿದ್ದು," ಮುನವ್ವರಾ ಸೆರಗಿನಿಂದ ಮೂಗೊರೆಸಿಕೊಂಡರು. "ಬರೋನು, ಕುದುರೆಗೆ ಊಟ ಇಡೋನು, ಹೋಗೋನು. ಆ ಹೊತ್ತಿಗೆ ನಾನು ಫೋನ್ ಮುಟ್ತಾನೇ ಇರ್ಲಿಲ್ಲ. ಆಮೇಲೆ ನಿಜವಾದ ಸಿಡಿಲೇ ಬಡಿದು, ಫೋನಿಗೂ ಕಂಪ್ಯೂಟರಿಗೂ ಕೊಂಡಿಯಾಗಿದ್ದ ಮೋಡೆಮ್ ಸುಟ್ಟೋಯ್ತು. ಆವತ್ತು ನಿಂತಿದ್ದು ಹಂಗೇ ನಿಂತದೆ."

ಅಕ್ಷರಗಳು ಮಂಜಾದವು. ತನ್ನನ್ನು ಕಟ್ಟಿಹಾಕಿದನೆಂದು ಶಪಿಸಿದ್ದ ಕೈ… ಅದು ತಾನು ಅಳಿಸಿಹೋಗದಂತೆ ಹಿಡಿದುಕೊಂಡಿದ್ದ ಕೈ!

"ಮೇಡಂ," ಗುರುಪ್ರಸಾದ್ ಮೆಲ್ಲಗೆ ಅಂದ. "ಹೊರಡು ಅಂತ ಟೈಪ್ ಮಾಡಿ ನೋಡಿ."

"ಸೆರೆಯಿಂದಾನಾ?"

"ಮಾಡಿ."

ಅವಳು ಒತ್ತಿದಳು. ಯಂತ್ರ ಕರಕರ ಎಂದಿತು. ಎಲ್ಲರೂ ಪರದೆಯತ್ತ ಬಾಗಿದರು.

"ಬಾಗಿಲಿಗೆ ಬೀಗವಿಲ್ಲ. ನೀನು ಹೊರಗೆ ಬಂದೆ."

ಬೀಗವೇ ಇರಲಿಲ್ಲ! ಒಂದು ಪದ… ಆವತ್ತು ಕೋಪದಲ್ಲಿ ಫೋನ್ ಕೀಳುವ ಮೊದಲು ಒಂದೇ ಒಂದು ಪದ ಒತ್ತಿದ್ದರೆ!

ಹೊರಗಿನ ಕಲ್ಲಿನ ಮೇಲೆ ಒಂದು ಸಾಲು ಕಾದಿತ್ತು.

"ಬಂದ್ಯಾ? ನಿಧಾನಕ್ಕೆ ಹತ್ತು. ನಾನು ಮುಂದೆ ಹೋಗಿಲ್ಲ."

ಶ್ರೀರಂಜನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಎಲ್ಲಿದಾನೆ ಚಾಚಾ ಅವ್ನು? ಈಗ್ಲಾದ್ರೂ ಹೇಳಿ… ನಾನು ಅವನ ಕಾಲಿಗೆ…"

"ಕಾಲಿಗೆ ಆಮೇಲೆ ಬೀಳುವೆಯಂತೆ," ಮುನವ್ವರಾ ಗದರಿದರು. "ನಿನ್ ಬೆನ್ನ ಹಿಂದೇನೇ ನಿಂತವ್ನೆ, ಇವತ್ತಿಗೂ ಮದ್ವೇನೂ ಆಗ್ದೆ, ಮರದ್ ತುಂಡಿನಂಗೆ! ಏನ್ ಗುರು, ಇನ್ನೂ ಬಾಯಲ್ಲಿ ಸ್ಕ್ರೂ ಇದೆಯಾ?"

ಅವಳು ತಿರುಗಿದಳು. ಧೂಳಿನ ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ನೀವಾ…?"

"ನಾನೇ."

"ಅಷ್ಟೊಂದು ಬೈದೆ… ಯಾಕೆ ಹೇಳ್ಲಿಲ್ಲ?"

"ದ್ರೋಹಿ ಅಂದ ಮೇಲೆ ಹೇಳೋದು ಹೆಂಗೆ? ಎದ್ದು ಹೋಗ್ಬಿಟ್ರೆ ಅಂತ ಭಯ ಆಯ್ತು." ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. "ಕುದುರೆ ಅಂದ್ರೆ ಕುಣಿಗಲ್ಲೇ ಇರ್ಬೇಕು ಅಂತ ಊಹಿಸಿದ್ದೆ. ಒಂದ್ಸಲ ಬಂದೂ ಬಂದಿದ್ದೆ. ಕುದುರೆ ಫಾರಂ ಮುಂದೆ ಸಾಯಂಕಾಲದವರೆಗೂ ನಿಂತು, ವಾಪಸ್ ಹೋದೆ."

ಅಳುತ್ತಲೇ ಅವಳಿಗೆ ನಗು ಬಂತು. "ಪೆದ್ದು! ಟೈಪಿಂಗ್ ಸ್ಕೂಲು ಅಲ್ಲಿಂದ ಎರಡು ಬೀದಿ ಆಚೆ!"

"ನೋಡಿ, ಇನ್ನೊಂದೇ ಬಾಗ್ಲು ಉಳಿದಿತ್ತು ಅನ್ನಿ."

ಗುಲಾಮ್ ನಬಿ ಕೆಮ್ಮಿದರು. ಹೆಂಡತಿಯ ಕಡೆ ಕಣ್ಣು ಹೊಡೆದು, "ನಡಿ, ಸಕ್ಕರೆ ಎಲ್ಲಿಟ್ಟಿದೀಯ ತೋರ್ಸು," ಎಂದು ಒಳಗೆ ಕರೆದುಕೊಂಡು ಹೋದರು.

ಪರದೆಯ ಮೇಲೆ ಹಸಿರು ಚುಕ್ಕಿ ಮಿನುಗುತ್ತಿತ್ತು. ಶ್ರೀರಂಜನಿ ಸ್ಟೂಲಿನ ಒಂದು ಬದಿಗೆ ಸರಿದು ಜಾಗ ಮಾಡಿದಳು. ಅವನು ಅಂಜುತ್ತಂಜುತ್ತ ಕುಳಿತ.

"ಗುರು…"

"ಹ್ಞಾಂ?"

"ನಿಜವಾದ ಹುತ್ರಿದುರ್ಗ ಹತ್ತಿದೀರಾ?"

"ಇಲ್ಲ. ಮನಸ್ಸು ಬರ್ಲಿಲ್ಲ. ನೀವು?"

"ನಮ್ಮೂರಿಗೆ ಅಷ್ಟು ಹತ್ರ… ಆದ್ರೂ ಇಲ್ಲ." ಅವಳು ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದಳು. ಇನ್ನು ಮುಂದಿನದು ಯಾರ ಇತಿಹಾಸಕ್ಕೂ ಅಲ್ಲ. "ಭಾನುವಾರ ಹೋಗೋಣ್ವಾ?"

ಅವನು ಕನ್ನಡಕ ಮತ್ತೆ ಏರಿಸಿಕೊಂಡ. ಆಮೇಲೆ ಮೆಲ್ಲಗೆ, "ನಾನು ಮೊದ್ಲು ಹತ್ತಿ ನೋಡ್ತೀನಿ. ಎಡಗಡೆ ಹುಲಿ ಗಿಲಿ ಇದ್ರೆ…" ಎಂದ.

"ಬೇಡ," ಎಂದು ಅವಳು ಅವನ ಕೈಯ ಮೇಲೆ ಕೈಯಿಟ್ಟಳು. "ಒಬ್ರು ಇಳಿದ ಮೇಲೆ ಒಬ್ರು ಹತ್ತಿದ್ದು ಸಾಕು. ಈಗ ಒಂದೇ ಲೈನಿನ ಕಾಟ ಇಲ್ವಲ್ಲ."

"ಹುಲಿ ಬಂದ್ರೆ?"

"ಬರ್ಲಿ ಬಿಡಿ… ಇಬ್ರೂ ಇರ್ತೀವಲ್ಲ!"