ಮೊದಲ ಪಿಕಪ್

"ಫ್ಯಾಕ್ಟರಿಗೆ ಇಲ್ಲಿಂದ ನಡೆದ್ರೆ ಹತ್ತು ನಿಮಿಷ. ಇವಳು ವ್ಯಾನಲ್ಲಿ ಒಂದು ಗಂಟೆ ಕೂತು ಹೋಗ್ತಾಳಂತೆ! ನಮ್ಮನ್ನೇನು ಕುರಿ ಅಂದ್ಕೊಂಡಿದೀಯೇನೋ?"

ಅಣ್ಣ ವ್ಯಾನ್ ಡ್ರೈವರನ ಮುಖಕ್ಕೆ ಬೆರಳು ತಿವಿಯುತ್ತಿದ್ದ. ಭಾನುವಾರ ಬೆಳಿಗ್ಗೆ ಅವನನ್ನು ಮನೆಗೆ ಕರೆಸಿದ್ದೂ ಅಣ್ಣನೇ. ಡ್ರೈವರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಚಪ್ಪಲಿ ಬಿಟ್ಟಲ್ಲೇ ನಿಂತಿದ್ದ. ಯಾರೂ ಕುರ್ಚಿ ತೋರಿಸಿರಲಿಲ್ಲ.

"ತಪ್ಪು ನಂದೇ ಸರ್. ರೂಟ್ ತಿರುಗಿಸಿದ್ದು ನಾನೇ. ನಾಳೆಯಿಂದ ಇವರದ್ದು ಕೊನೇ ಪಿಕಪ್."

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮೇಲಲ್ಲ, ಇವನ ಮೇಲೆ.

ಬಟ್ಟೆ ಫ್ಯಾಕ್ಟರಿಯ ಇಸ್ತ್ರಿ ವಿಭಾಗ ನನ್ನದು. ವಯಸ್ಸು ನಲವತ್ತೊಂದು. ವ್ಯಾನು ಹದಿನಾಲ್ಕು ಜನರನ್ನು ತುಂಬಿಕೊಂಡು ಊರೆಲ್ಲ ಸುತ್ತುತ್ತದೆ. ಹತ್ತಿರದ ಮನೆಯವರು ಕೊನೆಗೆ ಹತ್ತಬೇಕು. ನಾನು ಒಂದು ವರ್ಷದಿಂದ ಮೊದಲು ಹತ್ತುತ್ತಿದ್ದೆ. ಎರಡನೆಯವಳು ಹತ್ತುವವರೆಗಿನ ಇಪ್ಪತ್ತು ನಿಮಿಷ ನಮ್ಮಿಬ್ಬರದೇ.

"ಈ ಇಂಗ್ಲಿಷಿನವರಿಗೆ ಪದಗಳಿಗೇ ಬಡತನ ಕಣ್ರೀ," ಎಂದು ಒಂದು ದಿನ ಶುರು ಮಾಡಿದ್ದ. "ನಿಮ್ಮನ್ನ ಹತ್ತಿಸ್ಕೊಂಡ್ರೂ ಪಿಕಪ್. ಗಾಡಿ ಏರು ಎಳೆದ್ರೂ ಪಿಕಪ್. ಮಲಗಿದ್ದ ವ್ಯಾಪಾರ ಎದ್ರೂ ಪಿಕಪ್ಪೇ!"

"ಫೋನ್ ಎತ್ತೋದೂ ಅದೇ."

"ಅದು ನಿಮಗೆ ಬರಲ್ಲ ಬಿಡಿ. ನಿನ್ನೆ ಮೂರು ಸಲ ಮಾಡ್ದೆ."

ಕನ್ನಡಿಯಲ್ಲಿ ಅವನ ಕಣ್ಣು ನಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಕಿವಿ ಮಾತ್ರ ಬಿಸಿಯಾಗಿಯೇ ಇತ್ತು.

ಆಮೇಲೆ ಹೊಸ ಹೊಸ ಅರ್ಥ ಹುಡುಕಿ ತರುವುದೇ ನಮಗೆ ಆಟವಾಯಿತು. ಕೇಳಿ ಕೇಳಿ ಭಾಷೆ ಕಲಿಯುವುದೂ ಪಿಕಪ್ಪೇ ಎಂದು ನಾನೊಂದು ಅರ್ಥ ಹುಡುಕಿ ತಂದೆ. ಟೈಫಾಯ್ಡ್‌ನಿಂದ ಇಪ್ಪತ್ತು ದಿನ ಮಲಗಿ ಎದ್ದು ವ್ಯಾನ್ ಹತ್ತಿದಾಗ, "ಸ್ವಲ್ಪ ಪಿಕಪ್ ಆಗಿದೀರಿ," ಎಂದ. ಗೇರ್ ಹಾಕುವುದನ್ನೂ ಮರೆತಿದ್ದ. ಅವತ್ತೇ ನನಗೆ ಗೊತ್ತಾದದ್ದು.

ಅಂಥವನು ಈಗ ನನ್ನನ್ನು ಕೊನೆಗೆ ಹಾಕುತ್ತಾನಂತೆ!

"ಯಾವ ತಪ್ಪು ರೀ ನಿಮ್ಮದು?" ಎಂದು ಎದ್ದೆ. "ರೂಟ್ ತಿರುಗಿಸಿ ಅಂತ ಕೇಳಿದ್ದು ನಾನು. ಹೇಳಿ ಅಣ್ಣನಿಗೆ."



"ಈ ವಯಸ್ಸಲ್ಲಿ ನಾಚಿಕೆ ಆಗಲ್ವೇನೇ?" ಅತ್ತಿಗೆ ಅಡುಗೆಮನೆಯಿಂದ ಬಂದಳು. "ಬೀದೀಲಿ ಬಿದ್ದಿದ್ದನ್ನ ಎತ್ಕೊಂಡು ಹೋದ ಹಾಗೆ ಹೋಗ್ತೀಯಲ್ಲ!"

"ಬಿದ್ದಿರ್ಲಿಲ್ಲ ಅತ್ತಿಗೆ, ನಿಂತಿದ್ದೆ. ದಿನಾ ಅರ್ಧ ಗಂಟೆ ಮೊದಲೇ ತಲೆ ಬಾಚ್ಕೊಂಡು ನಿಂತಿದ್ದೆ."

"ಇವನ ಜೊತೆ ಹೋದ್ರೆ ಈ ಮನೆ ಮರೆತುಬಿಡು," ಎಂದ ಅಣ್ಣ.

ಹದಿನೆಂಟು ವರ್ಷ ಆ ಮನೆಯ ಒಲೆ ಹಚ್ಚಿದವಳು ನಾನು. ನನಗೆ ಬೇರೆ ಮನೆಯಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಡ್ರೈವರನ ಕಡೆ ತಿರುಗಿದೆ. "ನಾನು ನಿಮಗೆ ಬೇಕಾ, ಬೇಡ್ವಾ?"

"ಬೇಕು," ಎಂದ, ಶರ್ಟಿನ ಗುಂಡಿಗೆ ಹೇಳುವಂತೆ.

"ನನಗೇ ಕೇಳಿಸ್ಲಿಲ್ಲ."

"ಬೇಕು ರೀ!" ಎಂದು ಕೂಗಿಬಿಟ್ಟ. "ಕೆಲಸ ಹೋದ್ರೂ ಬೇಕು. ನೀವು ಹೀಗೇ ಬೈದ್ರೂ ಬೇಕು. ಇಷ್ಟು ಸಾಕಾ?"

ಸಾಕಿತ್ತು. ಚಪ್ಪಲಿ ಮೆಟ್ಟಿದೆ.

"ಒಲೆ ಮೇಲೆ ಹಾಲಿದೆ ಅತ್ತಿಗೆ. ಇನ್ಮೇಲೆ ನೀವೇ ನೋಡ್ಕೋಬೇಕು."

ಅವಳು ಒಳಗೆ ಓಡಿದಳು. ಅಣ್ಣ ಹಿಂದಿನಿಂದ ಕೂಗುತ್ತಿದ್ದ. ಗೇಟಿನಾಚೆ ಡ್ರೈವರ್ ಅಭ್ಯಾಸಬಲದಿಂದ ವ್ಯಾನಿನ ಹಿಂದಿನ ಬಾಗಿಲು ಎಳೆದ. ನಾನು ಅದನ್ನು ದಢಾರನೆ ಮುಚ್ಚಿ, ಮುಂದಿನ ಸೀಟಿಗೆ ಹತ್ತಿ ಕೂತೆ.

ಆ ಗೇಟಿನೊಳಗೆ ಮತ್ತೆ ಕಾಲಿಟ್ಟಿಲ್ಲ.