ಲಿವರ್ ಮೇಲಿತ್ತು

ಯಶವಂತನನ್ನು ಮೊದಲು ಕಂಡವನು ಅವನ ಅಪ್ಪ.

ಕಮಲಾಪುರದಾಚೆಯ ಕಲ್ಲುಗಣಿಯಲ್ಲಿ ಊಟದ ಹೊತ್ತು. ಎಕ್ಸ್‌ಕವೇಟರಿನ ಇಂಜಿನ್ ಇನ್ನೂ ಗುರುಗುಡುತ್ತಿತ್ತು. ಬಕೆಟ್ ನೆಲಕ್ಕೆ ಕೂತಿತ್ತು. ಅದರ ಅಂಚಿನ ಕೆಳಗಿಂದ ಅದಕ್ಕೇ ಗ್ರೀಸ್ ಹಚ್ಚುತ್ತಿದ್ದ ಕೈಯೊಂದು ಮಾತ್ರ ಹೊರಗೆ. ಗಣಿಯ ಎಲೆಕ್ಟ್ರಿಷಿಯನ್ ಕಲ್ಯಾಣಪ್ಪ ಮಗನ ಆ ಕೈ ಹಿಡಿದು ಎಳೆದ. ಬರಲಿಲ್ಲ. ತಲೆಯೆತ್ತಿದ. ಕ್ಯಾಬಿನ್ನಿನ ಬಾಗಿಲಲ್ಲಿ ಆಪರೇಟರ್ ಫುರ್ಕಾನ್ ನಿಂತಿದ್ದ.

“ಲಿವರ್ ಎತ್ತಿದ್ದೆ ಕಾಕಾ! ಎತ್ತೇ ಎದ್ದೀನಿ—ಜಾಯ್‌ಸ್ಟಿಕ್ಕಿಗೆ ಸೊಂಟ ತಾಗ್ತು, ಅಷ್ಟೇ—”

ಕಲ್ಯಾಣಪ್ಪನ ಮುಷ್ಟಿಯಿಂದ ಅವನ ಕಾಲರ್ ಬಿಡಿಸಲು ಗಣಿಯವರೆಲ್ಲ ಸೇರಬೇಕಾಯಿತು.

ಪೊಲೀಸರು ಯಂತ್ರಕ್ಕೆ ಸೀಲ್ ಹಾಕಿದರು. ಫುರ್ಕಾನ್‌ನನ್ನು ಒಯ್ದರು. ಯಂತ್ರ ಪರೀಕ್ಷಿಸಲು ಕಲಬುರಗಿಯಿಂದ ಸರ್ವಿಸ್ ಇಂಜಿನಿಯರ್ ಮುಬಶ್ಶಿರಾ ಬಂದಳು. ಅವಳು ಜೀಪಿನಿಂದ ಇಳಿಯುವಷ್ಟರಲ್ಲಿ ಕಲ್ಯಾಣಪ್ಪ ಎದುರಿಗೆ ನಿಂತಿದ್ದ. ಗಡ್ಡ ಬೆಳೆದಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ನನ್ನ ಮಗನ್ನ ಕೊಂದಾವನ್ನ ಬಿಡಬ್ಯಾಡ ತಾಯಿ.”

“ನಿಜ ಏನದ ಅದನ್ನೇ ಬರೀತೀನ್ರಿ ಕಾಕಾ,” ಎಂದಳು ಮುಬಶ್ಶಿರಾ.

ಗಣಿಯ ಮಾಲೀಕ ಗುರುಪ್ರಸಾದನಿಗೆ ಅವಸರ. “ಬರಿಯೋದೇನದ ಮೇಡಂ? ಲ್ಯಾಪ್‌ಟಾಪ್ ಹಚ್ಚಿ ನೋಡ್ರಿ. ಲಿವರ್ ಕೆಳಗಿತ್ತಂತ ಮಷಿನ್ನೇ ಹೇಳ್ಲಕತ್ತದ.”

ಅದು ಸುಳ್ಳಾಗಿರಲಿಲ್ಲ. ಸೀಟಿನ ಎಡಕ್ಕೆ ಕೆಂಪು ಹಿಡಿಕೆಯ ಲಿವರ್. ಕೆಳಗಿದ್ದರೆ ಯಂತ್ರ ಕೈಯ ಮಾತು ಕೇಳುತ್ತದೆ. ಮೇಲೆತ್ತಿದರೆ ಯಾವ ಜಾಯ್‌ಸ್ಟಿಕ್ ತಾಗಿದರೂ ಏನೂ ಕದಲದು. ಲಿವರ್ ಎಲ್ಲಿದೆಯೆಂದು ಕಂಟ್ರೋಲರಿಗೆ ತಿಳಿಸುವುದು ಬೆರಳಿನಷ್ಟು ದೊಡ್ಡ ಸೆನ್ಸರ್. ಅಪಘಾತದ ಕ್ಷಣದಲ್ಲಿ ಲಿವರ್ ಕೆಳಗಿತ್ತು ಎಂದೇ ಕಂಟ್ರೋಲರಿನ ಸಾಕ್ಷಿ. ಒಂದು ಎರರ್ ಕೋಡೂ ಇಲ್ಲ.

ಅದೇ ಅವಳಿಗೆ ಚುಚ್ಚಿತು. ಇಷ್ಟು ಧೂಳು ಕುಡಿಯುವ ಯಂತ್ರಕ್ಕೆ ಒಂದು ಕೆಮ್ಮೂ ಇಲ್ಲವೆ?

ಸೀಟಿನಲ್ಲಿ ಕೂತು ಲಿವರ್ ಎತ್ತಿದಳು. ಪರದೆ ನೋಡಿದಳು—‘ಕೆಳಗೆ’.

ಇಳಿಸಿದಳು. ‘ಕೆಳಗೆ’.

ಬಗ್ಗಿ ಸೆನ್ಸರಿನ ಪ್ಲಗ್ಗನ್ನೇ ಕಿತ್ತಳು. ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ಮೀಟರ್ ಹಚ್ಚಿದರೆ ಸೆನ್ಸರ್ ಸತ್ತೇ ಹೋಗಿತ್ತು. ಪರದೆಯ ಮೇಲೆ ಮಾತ್ರ ಆಗಲೂ—‘ಕೆಳಗೆ’.

ಸತ್ತ ಸೆನ್ಸರಿನ ಹೆಸರಲ್ಲಿ ಮಾತಾಡುತ್ತಿರುವವರು ಯಾರು?

ತಂತಿಯ ಜಾಡು ಹಿಡಿದು ಸೀಟಿನ ಅಡಿಗೆ ಕೈ ಹಾಕಿದಳು. ಸೆನ್ಸರಿಗೆ ಹೋಗುವ ಎರಡು ತಂತಿಗಳನ್ನು ಅಲ್ಲೇ ಸುಲಿದು ಒಂದಕ್ಕೊಂದು ಹೊಸೆದು ಕರಿ ಟೇಪ್ ಸುತ್ತಿದ್ದರು. ಲಿವರ್ ಎತ್ತಲಿ, ಇಳಿಸಲಿ, ಕಂಟ್ರೋಲರಿಗೆ ಒಂದೇ ಸುದ್ದಿ—‘ಕೆಳಗೆ’. ಫುರ್ಕಾನ್ ಸುಳ್ಳು ಹೇಳಿರಲಿಲ್ಲ.

ಟೇಪ್ ಬಿಚ್ಚಿದಳು. ಅದರ ಎರಡೂ ಮೈ ತಿರುವಿ ನೋಡಿದಳು.

ಸಂಜೆಗೆ ಕಾನ್ಸ್‌ಟೇಬಲ್ ಫುರ್ಕಾನ್‌ನನ್ನು ಗಣಿಯ ಶೆಡ್ಡಿಗೆ ಕರೆತಂದ. ಜೋಡಿಸಿದ ತಂತಿ ಕಂಡದ್ದೇ ಗುರುಪ್ರಸಾದ ಸಿಡಿದ.

“ಮತ್ತ ಇವನ್ದೇ ಕೆಲಸ! ದಿನಾ ಆ ಸೀಟಿನ್ಯಾಗ ಕೂಡಾವ ಯಾರು?”

“ಸೆನ್ಸರ್ ಕೆಟ್ಟದ್ದು ನಿಮಗ ಗೊತ್ತಿತ್ತೇನ್ರಿ?” ಮುಬಶ್ಶಿರಾ ಅವನನ್ನೇ ಕೇಳಿದಳು.

“ಗೊತ್ತಿದ್ರ ನಿಮಗೇ ಫೋನ್ ಹಚ್ತಿದ್ದೆ. ನನ್ನ ಮ್ಯಾಲ ಡೌಟೇನು?”

“ದಸರಾದಾಗ, ಖಂಡೆ ಪೂಜಾ ದಿನ ಎಲ್ಲಿದ್ರಿ?”

“ಮನ್ಯಾಗ, ಕಲಬುರಗಿ ಐವಾನ್-ಎ-ಶಾಹಿ ಏರಿಯಾದಾಗ. ಇಲ್ಲಿ ಪೂಜಾ ಪ್ರತಿ ವರ್ಷಾ ಕಲ್ಯಾಣಪ್ಪಂದೇ. ಯಾಕ?”

ಅವಳು ಮುಂದಿನವನತ್ತ ನೋಡಿದಳು. “ಫುರ್ಕಾನ್, ನೀನು?”

“ಕೋಟನೂರಿಗೆ ಹೋಗಿದ್ದೆ ಆಪಾ. ತಂಗೀ ಮಂಗ್ನಿ, ಮದವಿ ನಿಶ್ಚಯ ಇತ್ತು. ಝೂಟ್ ನೈ ಬೋಲ್ರಾ, ಸುಳ್ಳಲ್ಲ. ನಂಗ ಮನ್ಯಾಗಿನ ಬಲ್ಬ್ ಹಾಕ್ಲಿಕ್ಕೂ ಬರಂಗಿಲ್ಲ, ಯಶ್ಯಾ ಅದಕ್ಕೇ ನಗ್ತಿದ್ದ...”

“ಅವನ ಹೆಸರು ನಿನ್ನ ಬಾಯಾಗ ಬ್ಯಾಡ!” ಮೂಲೆಯಿಂದ ಕಲ್ಯಾಣಪ್ಪ ಗದರಿದ.

ಮುಬಶ್ಶಿರಾ ಅವನತ್ತ ತಿರುಗಿದಳು. “ಕಾಕಾ, ಪೂಜಾಕ್ಕ ಗಾಡಿ ತೊಳದಿದ್ರೇನು?”

“ತೊಳೀದೆ? ಒಳಗ ಹೊರಗ ಪೈಪ್ ಹಚ್ಚಿ ತೊಳದೀವಿ. ನಾನು, ನನ್ನ ಮಗ. ಇಬ್ಬರೇ.”

“ಕುಂಕುಮ ಯಾರು ಹಚ್ಚಿದ್ರು?”

“ನಾನೇ. ಅಂವ ಆರತಿ ತಾಟ ಹಿಡ್ದಿದ್ದ.”

“ನಿಂಬಿಹಣ್ಣಿನ ಮ್ಯಾಲ ಗಾಡಿ ಹಾಯಿಸಿದ್ರಿ?”

“ಹಾಯಿಸ್ದೆ ಬಿಡ್ತಾರೇನು? ಅಪಶಕುನ ಆಗ್ತದ.”

“ಅಷ್ಟು ನೀರು ಹೊಡೆದ ಮ್ಯಾಲೂ ಗಾಡಿ ಮುಂದ ಹೋತೇನ್ರಿ?”

ಕಲ್ಯಾಣಪ್ಪ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಮುಬಶ್ಶಿರಾ ಟೇಪಿನ ತುಂಡನ್ನು ಮೇಜಿನ ಮೇಲೆ ಅಂಗಾತ ಹಾಸಿದಳು. ಹೇಳದೆ ಹೋಗಿಬಿಡಬಹುದಿತ್ತು—ಯಾರು ಮಾಡಿದರೋ ತಿಳಿಯದು ಎಂದು ಬರೆದು. ಆಗ ಊರಿನವರ ಕಣ್ಣಲ್ಲಿ ಫುರ್ಕಾನ್ ಸಾಯುವ ತನಕ ಕೊಲೆಗಾರ.

“ಇದರ ಹೊರಮೈ ಎಲ್ಲರೂ ನೋಡ್ರಿ. ಕುಂಕುಮದ ಧೂಳಿ. ಹಬ್ಬ ಆದ ಮ್ಯಾಲ ಇಡೀ ಮಷಿನ್ನಿಗೇ ಕುಂಕುಮ ಅದ, ಅದರಾಗ ವಿಶೇಷ ಇಲ್ಲ. ಆದ್ರ ಇದು ಒಳಮೈ, ಅಂಟಿನ ಮೈ. ಇಲ್ಲೂ ಬೆರಳಿನ ಗುರುತಿನ ಕುಂಕುಮ, ಸುತ್ತುಸುತ್ತಿಗೂ. ಸುತ್ತಿದ ಮ್ಯಾಲ ಒಳಗ ಕುಂಕುಮ ಹೋಗಂಗಿಲ್ಲ. ಸುತ್ತಿದ ಬೆರಳಿಗೇ ಕುಂಕುಮ ಇತ್ತು. ಪೂಜಾ ನಡೆದಾಗ, ಪೂಜಾ ಮಾಡ್ತಿದ್ದ ಕೈ, ತಂತಿ ಕೆಲಸ ಬಲ್ಲ ಕೈ.”

ಅವಳು ಟೇಪಿನ ತುದಿಗೆ ಬೆರಳಿಟ್ಟಳು.

“ಇನ್ನೊಂದು. ಟೇಪಿನ ತುದಿ ಮಡಚ್ಯಾರ. ಲಗೂನ ಬಿಚ್ಚಬೇಕಂದವ್ರು ಮಾತ್ರ ಹಂಗ ಮಡಚ್ತಾರ. ಮೋಸ ಮಾಡಾವ ಮಡಚಂಗಿಲ್ಲ.” ಅವಳ ದನಿ ಸಣ್ಣದಾಯಿತು. “ನೀರು ಹೊಕ್ಕು ಸೆನ್ಸರ್ ಸತ್ತಿತ್ತು, ಲಿವರ್ ಎತ್ತಿದಂಗೇ ಗಾಡಿ ಲಾಕ್ ಆಗಿತ್ತು. ನಿಂಬಿಹಣ್ಣಿನ ಮುಂದ ಗಾಡಿ ನಿಂತುಬಿಟ್ಟಿತ್ತು. ಅಷ್ಟೊತ್ತಿಗೆ ಮಾತ್ರ ಅಂತ ಜೋಡ್ಸಿದ್ರಿ. ಹೌದಲ್ರೀ ಕಾಕಾ?”

ಗುರುಪ್ರಸಾದ ಮೆಲ್ಲಗೆ ಟೋಪಿ ತೆಗೆದ.

ಕಲ್ಯಾಣಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. “ಕರ್ಪೂರ ಹತ್ತಿಸಿ ನಿಂತಿದ್ದ ಅಂವ. ‘ಅಪ್ಪಾ, ಲಗೂ ಮಾಡು, ಕೈ ಸುಡ್ಲಕತ್ತದ’ ಅಂದ. ಹಬ್ಬ ಮುಗೀಲಿ, ಆಮ್ಯಾಲ ಮೇಡಂಗ ಫೋನ್ ಮಾಡಿ ಹೊಸಾದು ಹಾಕ್ಸೋಣ ಅಂದೆ. ಮನೀಗೆ ಹೋದ್ವಿ. ಚಂದಮ್ಮ ಹೋಳಿಗಿ ಮಾಡಿದ್ಳು. ಮರ್ತೆ ತಾಯಿ. ಪೂರಾ ಮರ್ತೆ.”

“ನೆನಪಾಗಿದ್ದು ಯಾವಾಗ?”

“ಅವನ ಕೈ ಹಿಡ್ದಾಗ.”

ಹೊರಗೆ ಲಾರಿಯೊಂದು ಹಾದುಹೋಯಿತು.

“ಅದಕ್ಕೇ ಇವನ ಕಾಲರ್ ಬಿಡ್ಲಿಲ್ಲ,” ಎಂದ ಕಲ್ಯಾಣಪ್ಪ. “ಬಿಟ್ರ ನನ್ನ ಕೈಯಾಗ ನನ್ನ ತಪ್ಪಿನ ಹೊರತು ಮತ್ತೇನೂ ಉಳೀತಿದ್ದಿಲ್ಲ.”

ಫುರ್ಕಾನ್ ಎದ್ದು ನಿಂತ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಜನರ ಮುಂದ ನನ್ನ ಮಾರಿ ಮ್ಯಾಲ ಉಗುಳಿದ್ರಿ. ಠಾಣಾದಾಗ ಕೂಡ್ಸಿ ಯಶ್ಯಾನ ಮಣ್ಣಿಗೂ ಬರಗೊಡ್ಲಿಲ್ಲ. ಒಂದು ಹಿಡಿ ಮಣ್ಣು ಹಾಕ್ಲಿಲ್ಲ ನಾನು. ಅದನ್ನ ವಾಪಸ್ ಕೊಡ್ತೀರೇನು ಕಾಕಾ?”

ಕಲ್ಯಾಣಪ್ಪ ಕ್ಷಮೆ ಕೇಳಲಿಲ್ಲ. ಮೇಜು ಹಿಡಿದು ಎದ್ದ.

“ಅವನ ಅವ್ವಗ, ಚಂದಮ್ಮಗ ಹೇಳಬೇಕು. ಪೊಲೀಸ್ರು ಹೇಳೋದಕ್ಕಿಂತ ಮೊದ್ಲ ನಾನೇ ಹೇಳಬೇಕು.” ಬಾಗಿಲಿನ ತನಕ ಹೋದವನು ಅಲ್ಲೇ ನಿಂತ. ತಿರುಗದೆಯೇ ಅಂದ, “ಫುರ್ಕಾನ್, ನನ್ನ ಜೋಡಿ ಬರ್ತೀ? ಆಕೀ ಮುಂದ ನಾ ಒಬ್ಬನೇ ನಿಂದ್ರಲಾರೆ.”

ಫುರ್ಕಾನ್ ಕಾನ್ಸ್‌ಟೇಬಲ್‌ನತ್ತ ನೋಡಿದ. ಅವನು ಕಾಣದವನಂತೆ ಮುಖ ಬೇರೆಡೆಗೆ ತಿರುಗಿಸಿಕೊಂಡ.

ಫುರ್ಕಾನ್ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡು ಹೊರಗೆ ಬಂದ. ಕಲ್ಯಾಣಪ್ಪ ಹೊಸ್ತಿಲಲ್ಲೇ ನಿಂತಿದ್ದ. ಅದಕ್ಕೇ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆದ, ಮನೆಯ ದಾರಿ ಮರೆತವನಿಗೆ ತೋರಿಸುವವನ ಹಾಗೆ.